ನಮ್ಮ ಕರಾವಳಿಯ ನೆಲಕ್ಕೂ ಮಳೆಗೂ ಒಗ್ಗುವ ಗಾಲ್ಫ್ ಅಂಗಳ ಹೇಗಿರಬೇಕು?

ಮಾಜಾಳಿಯ ನಾವಿಕ

ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಈಗ ಮಾಜಾಳಿಯ ಮನೆಗೆ ಮರಳಿರುವ ನಾನು ಗಾಲ್ಫ್ ಕಲಿತದ್ದು ಪರದೇಶದ ಬಂದರುಗಳಲ್ಲಿ. ಸರಕು ಇಳಿಸುವ ಎರಡು ಮೂರು ದಿನಗಳ ಬಿಡುವಿನಲ್ಲಿ, ಎಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆಯೋ ಅಲ್ಲಿಗೆ ಹೋಗಿ, ಬಾಡಿಗೆಯ ಕ್ಲಬ್‌ಗಳನ್ನು ಹಿಡಿದು ಆಡುತ್ತಿದ್ದೆ. ಈಗ ನನಗೆ ಹತ್ತಿರದ ಅಂಗಳವೆಂದರೆ ಪೋಳೆಂ ಗಡಿ ದಾಟಿದ ಮೇಲೆ ಗೋವೆಯ ಕಾಣಕೋಣದ ರಾಜಬಾಗದಲ್ಲಿರುವ ಒಂಬತ್ತು ಹೋಲ್‌ಗಳ, ಅಂದರೆ ಚೆಂಡನ್ನು ಗುಳಿಗೆ ಸೇರಿಸುವ ಒಂಬತ್ತು ಪಟ್ಟಿಗಳ, ಅಂಗಳ. ಅಲ್ಲಿಂದ ಮರಳುವಾಗಲೆಲ್ಲ, ದೇವಬಾಗದಿಂದ ಮಾಜಾಳಿಯವರೆಗಿನ ಮರಳದಿಬ್ಬಗಳನ್ನು ನೋಡುತ್ತ, ಇಂಥದೇ ನೆಲದ ಮೇಲೆ ಈ ಆಟ ಹುಟ್ಟಿತಲ್ಲವೇ ಎಂಬ ಯೋಚನೆ ಬರುತ್ತದೆ.

ಸ್ಕಾಟ್ಲೆಂಡಿನಲ್ಲಿ ‘ಲಿಂಕ್ಸ್’ ಎಂದು ಕರೆಯುವುದು ಕಡಲಿಗೂ ಉಳುವ ಹೊಲಕ್ಕೂ ನಡುವಿನ ಮರಳು ನೆಲವನ್ನು. ಬಿತ್ತಿದರೆ ಬೆಳೆ ಬಾರದ ಆ ನೆಲವನ್ನು ಜನ ಕುರಿ ಮೇಯಿಸಲು, ಬಲೆ ಒಣಗಿಸಲು, ಅಡ್ಡಾಡಲು ಬಳಸುತ್ತಿದ್ದರು. ಚೆಂಡು ಹೊಡೆಯುವ ಆಟವೂ ಅಲ್ಲಿಯೇ ಬೆಳೆಯಿತು. ಲೀತ್ ಬಂದರಿನಲ್ಲಿ ನಮ್ಮ ಹಡಗು ನಿಂತಿದ್ದಾಗ ನಾನು ರೈಲಿನಲ್ಲಿ ಲೂಕರ್ಸ್‌ವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸೇಂಟ್ ಆಂಡ್ರೂಸ್ ತಲುಪಿದೆ. ಆ ದಿನ ಭಾನುವಾರವಾಗಿತ್ತು. ಅಲ್ಲಿನ ಓಲ್ಡ್ ಕೋರ್ಸ್ ಎಂಬ ಅಂಗಳದಲ್ಲಿ ಭಾನುವಾರ ಆಟವಿರುವುದಿಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಒಂದು ಪ್ರವಾಸ ಸಂಸ್ಥೆಗೆ ಮುಂಗಡ ಹಣ ಕೊಟ್ಟು ಅದೇ ದಿನಕ್ಕೆ ಸಮಯ ಕಾದಿರಿಸಿಕೊಂಡಿದ್ದೆ. ಆ ಹಣ ಮರಳಿ ಬರಲಿಲ್ಲ. ಆದರೂ ಆ ದಿನವನ್ನು ನಾನು ಮರೆಯಲಾರೆ. ಮೊದಲನೆಯ ಮತ್ತು ಹದಿನೆಂಟನೆಯ ಹೋಲ್‌ಗಳ ಫೇರ್‌ವೇಗಳನ್ನು, ಅಂದರೆ ಚೆಂಡು ಸಾಗುವ ಹುಲ್ಲಿನ ಹಾದಿಗಳನ್ನು, ಅಡ್ಡಹಾಯುವ ಊರ ರಸ್ತೆಯಲ್ಲಿ ತಾಯಂದಿರು ಮಗುವಿನ ಗಾಡಿ ತಳ್ಳಿಕೊಂಡು ಕಡಲಿನ ಕಡೆಗೆ ಹೋಗುತ್ತಿದ್ದರು. ನಾಯಿಗಳು ಹುಲ್ಲಿನ ಮೇಲೆ ಓಡುತ್ತಿದ್ದವು. ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಅಂಗಳ ಆ ಒಂದು ದಿನ ನಮ್ಮೂರ ಗೋಮಾಳದಂತೆ ಎಲ್ಲರದಾಗಿತ್ತು. 1974ರಿಂದ ಆ ನೆಲವನ್ನು ನೋಡಿಕೊಳ್ಳುತ್ತಿರುವುದು ಕಾನೂನಿನಿಂದ ರಚಿತವಾದ ಒಂದು ಟ್ರಸ್ಟ್; ಅದು ಯಾವ ಖಾಸಗಿ ಕ್ಲಬ್ಬಿನ ಸ್ವತ್ತೂ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಎಂದಾದರೂ ಗಾಲ್ಫ್ ಅಂಗಳವೊಂದು ಆಗುವುದಾದರೆ ಅದು ನೆಲವನ್ನು ಸಪಾಟು ಮಾಡಿ, ಕೆರೆ ತೋಡಿ, ಸುತ್ತ ಬಂಗಲೆ ಕಟ್ಟುವ ಅಂಗಳವಾಗಬಾರದು, ಇರುವ ದಿಬ್ಬ ಮತ್ತು ತಗ್ಗುಗಳನ್ನೇ ಅನುಸರಿಸುವ ಸಣ್ಣ ಅಂಗಳವಾಗಬೇಕು ಎಂಬುದು ನನ್ನ ನಿಲುವು. ಈ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು.

ಶಿರಸಿಯ ಬ್ಯಾಣ

ನಾನು ಅಡಿಕೆ ತೋಟದವನು. ಮಗಳು ಬೆಂಗಳೂರಿನಲ್ಲಿ ಗಾಲ್ಫ್ ಕಲಿಯುತ್ತಿರುವುದರಿಂದ ಈ ಆಟದ ಪರಿಚಯವಾಯಿತು. ಗೋಮಾಳದ ಹೋಲಿಕೆ ಓದಿದಾಗ ನಮ್ಮ ಬ್ಯಾಣಗಳ ನೆನಪಾಯಿತು. ಕರಾವಳಿಯ ಓದುಗರಿಗೆ ಹೇಳುವುದಾದರೆ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಮರಗಳಿಲ್ಲದೆ ಬರೀ ಹುಲ್ಲು ಬೆಳೆಯುವ ಇಳಿಜಾರು ನೆಲಕ್ಕೆ ನಾವು ಬ್ಯಾಣ ಎನ್ನುತ್ತೇವೆ. ಮಳೆಗಾಲದಲ್ಲಿ ದನ ಮೇಯುತ್ತವೆ, ದೀಪಾವಳಿಯ ಆಚೀಚೆ ಹುಲ್ಲು ಕೊಯ್ಯುತ್ತೇವೆ. ದನದ ಬಾಯಿಯೇ ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ.

ಇದನ್ನು ಗಾಲ್ಫ್ ಚರ್ಚೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಸ್ಕಾಟ್ಲೆಂಡಿನ ಉತ್ತರದ ಬ್ರೋರಾ ಎಂಬಲ್ಲಿ ದಶಕಗಳ ಕಾಲ ಕುರಿ ಮತ್ತು ದನಗಳು ಅಂಗಳದಲ್ಲೇ ಮೇಯುತ್ತಿದ್ದವು. ಅವು ಗ್ರೀನ್ (ಗುಳಿಯಿರುವ ನುಣುಪು ಹುಲ್ಲಿನ ಜಾಗ) ತುಳಿಯದಂತೆ ಪ್ರತಿ ಗ್ರೀನ್ ಸುತ್ತ ವಿದ್ಯುತ್ ತಂತಿಯ ಬೇಲಿ ಇರುತ್ತಿತ್ತು. ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ನಿಶ್ ಇನ್ನೂ ಹತ್ತಿರದ ಉದಾಹರಣೆ. ಆ ಕಾಲದ ಗಾಲ್ಫ್ ವಿನ್ಯಾಸಕ ಓಲ್ಡ್ ಟಾಮ್ ಮಾರಿಸ್ 1891ರಲ್ಲಿ ಗುರುತಿಸಿದ ಆ ಅಂಗಳ ಕಾಲಕ್ರಮದಲ್ಲಿ ಮರೆಯಾಗಿ, 2008ರಲ್ಲಿ ಮತ್ತೆ ತೆರೆಯಿತು. ಆ ನೆಲದಲ್ಲಿ ದನ ಮೇಯಿಸುವ ಹಕ್ಕು ತಮ್ಮದೆಂದು ಅಲ್ಲಿನ ಸಣ್ಣ ರೈತರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂದರೆ ಲಿಂಕ್ಸ್ ನೆಲವಾದರೂ ಅದು ಎಲ್ಲಿಯೂ ಖಾಲಿ ಬಿದ್ದಿರುವುದಿಲ್ಲ, ಯಾರದೋ ಬದುಕು ಅದಕ್ಕೆ ತಗುಲಿಕೊಂಡಿರುತ್ತದೆ. ನಾವಿಕರೇ, ನಿಮ್ಮ ಮರಳದಿಬ್ಬದ ಮೇಲೆ ಯಾರು ಬಲೆ ಒಣಗಿಸುತ್ತಾರೆ, ಯಾರು ಮೀನು ಹರವುತ್ತಾರೆ ಎಂಬುದನ್ನು ಮೊದಲು ಹೇಳಿ. ವಿನ್ಯಾಸದ ಮಾತು ಆಮೇಲೆ.

ಅಘನಾಶಿನಿ ತೀರ

ಶಿರಸಿಯವರ ಪ್ರಶ್ನೆಗೆ ನಾನೂ ದನಿಗೂಡಿಸುತ್ತೇನೆ. ನಾನು ಕುಮಟೆಯ ಗಜನಿ ಪ್ರದೇಶದವಳು. ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುವ ಕಗ್ಗ ಭತ್ತ ಬೆಳೆಯುವ ನಮ್ಮ ಗದ್ದೆಗಳನ್ನು ಹೊರಗಿನವರು ನೋಡಿದರೆ ‘ಪಾಳು ಭೂಮಿ’ ಎಂದು ಬರೆದುಕೊಂಡು ಹೋಗುತ್ತಾರೆ. ಮರಳದಿಬ್ಬಕ್ಕೂ ಅದೇ ಗತಿ ಬರಬಾರದು.

ದಿಬ್ಬವನ್ನು ಹಿಡಿದಿಟ್ಟಿರುವುದು ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಎಂಬ ಮುಳ್ಳುಹುಲ್ಲು. ಅವುಗಳನ್ನು ಕಿತ್ತರೆ ಒಂದೇ ಮಳೆಗಾಲದಲ್ಲಿ ಕಡಲು ತನ್ನ ಪಾಲನ್ನು ಕೇಳುತ್ತದೆ. ಇದರ ಜೊತೆಗೆ, ನಮ್ಮ ಮರಳ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವುದು ಹೆಚ್ಚಾಗಿ ಚಳಿಗಾಲ ಮತ್ತು ಅದರ ಬೆನ್ನಿಗಿನ ತಿಂಗಳುಗಳಲ್ಲಿ, ಅಂದರೆ ಗಾಲ್ಫ್ ಆಡಲು ನೀವು ಬಯಸುವ ಹವೆಯ ಕಾಲದಲ್ಲೇ. ರಾತ್ರಿ ದೀಪ ಬೇಡ, ತೀರದ ಅಂಚಿನಲ್ಲಿ ಗಾಡಿ ಓಡಿಸಬಾರದು ಎಂಬ ಎರಡು ಕಟ್ಟಳೆಗಳು ವಿನ್ಯಾಸದ ಮೊದಲ ಹಾಳೆಯಲ್ಲೇ ಇರಬೇಕು. ಜನವಸತಿ ವಿರಳವಾಗಿರುವ ಗ್ರಾಮೀಣ ಕರಾವಳಿಯಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗೆ ಅಭಿವೃದ್ಧಿ ನಿಷೇಧವಿದೆ ಎಂಬುದನ್ನೂ ಮರೆಯಬಾರದು. ನೀರಿನ ವಿಷಯ ಇದೆಲ್ಲಕ್ಕಿಂತ ದೊಡ್ಡದು: ಮಾರ್ಚ್, ಏಪ್ರಿಲ್‌ನಲ್ಲಿ ಕೊಳವೆಬಾವಿಯಿಂದ ಹುಲ್ಲಿಗೆ ನೀರು ಎತ್ತಿದರೆ ಅಕ್ಕಪಕ್ಕದ ಮನೆಗಳ ಬಾವಿಗೆ ಉಪ್ಪು ಹತ್ತುತ್ತದೆ. ನಮ್ಮ ಮನೆಯ ಬಾವಿಯ ನೀರು ಶಿವರಾತ್ರಿ ಕಳೆದ ಮೇಲೆ ಚಹಾಕ್ಕೆ ಬಾರದಂತಾಗಿ ಐದು ವರ್ಷಗಳಾದವು. ಯಾವ ಅಂಗಳವೂ ಇಲ್ಲದೆಯೇ ಈ ಸ್ಥಿತಿ.

ಗರಿಕೆ

ಹೊನ್ನಾವರ ನನ್ನ ಊರು. ಬೆಂಗಳೂರು ಕಡೆಯ ಅಂಗಳವೊಂದರಲ್ಲಿ ಹುಲ್ಲಿನ ನಿರ್ವಹಣೆ ನನ್ನ ವೃತ್ತಿ. ಮೇಲಿನ ಮಾತುಗಳನ್ನು ಗೌರವದಿಂದ ಓದಿದ್ದೇನೆ. ನೆಲದ ಒಳಗಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಅಲ್ಲಿಯೇ.

ಇಡಗುಂಜಿಯ ಗಣಪತಿಗೆ ನಾವು ಏರಿಸುವ ಗರಿಕೆಯೂ ಗಾಲ್ಫ್‌ನವರು ಬರ್ಮುಡಾ ಎಂದು ಕರೆಯುವ ಹುಲ್ಲೂ ಒಂದೇ ಜಾತಿ. ಬಿಸಿ ನಾಡುಗಳ ಗ್ರೀನ್‌ಗಳಲ್ಲಿ ಬೆಳೆಸುವ ಬಹುಪಾಲು ತಳಿಗಳು ಇದೇ ಗರಿಕೆಯನ್ನು ಆಫ್ರಿಕಾದ ಇನ್ನೊಂದು ಸೋದರ ಜಾತಿಯೊಡನೆ ಕೂಡಿಸಿ ಪಡೆದವು. ಉಪ್ಪುಗಾಳಿ ಹೆಚ್ಚಿರುವ ಕಡೆ ಸೀಶೋರ್ ಪಾಸ್ಪಾಲಮ್ ಎಂಬ ಹುಲ್ಲು ಇನ್ನೂ ಚೆನ್ನಾಗಿ ಬಾಳುತ್ತದೆ; ಅದು ಸವುಳು ನೀರನ್ನೂ ಒಂದು ಮಟ್ಟಿಗೆ ಸಹಿಸುವುದರಿಂದ ಸಿಹಿನೀರಿನ ಬಾವಿಗಳ ಮೇಲಿನ ಹೊರೆ ಕಡಿಮೆಯಾಗುತ್ತದೆ. ಹುಲ್ಲಿನ ಆಯ್ಕೆ ನಮಗೆ ಕಷ್ಟವಲ್ಲ. ಕಷ್ಟವಿರುವುದು ಮಳೆಯಲ್ಲಿ.

ಸೇಂಟ್ ಆಂಡ್ರೂಸ್‌ನಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಕಾರವಾರದಲ್ಲಿ 3000 ಮಿಲಿಮೀಟರ್ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 1960ರಲ್ಲಿ ಅಮೆರಿಕದ ಗಾಲ್ಫ್ ಸಂಘ ಸೂಚಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಗ್ರೀನ್ ರಚನೆಯಲ್ಲಿ ಮೇಲೆ ಒಂದು ಅಡಿ ಮರಳು, ಅದರ ಕೆಳಗೆ ನಾಲ್ಕು ಅಂಗುಲ ಜಲ್ಲಿ, ಅದರೊಳಗೆ ಕೊಳವೆಗಳು ಇರುತ್ತವೆ. ನುಣ್ಣನೆಯ ಮರಳು ನೀರನ್ನು ಸ್ಪಂಜಿನಂತೆ ಹಿಡಿದುಕೊಂಡಿದ್ದು, ತನ್ನ ಹಿಡಿತಕ್ಕೆ ಮೀರಿದ ಮೇಲೆ ಮಾತ್ರ ಜಲ್ಲಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಬೇರಿಗೆ ತೇವವೂ ಉಳಿಯುತ್ತದೆ, ಮೇಲೆ ನೀರೂ ನಿಲ್ಲುವುದಿಲ್ಲ. ಕೊಳವೆಯ ಇನ್ನೊಂದು ತುದಿಗೆ ತಗ್ಗು ಇಲ್ಲದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ. ಕರಾವಳಿಯ ಸಪಾಟು ಗದ್ದೆಯಲ್ಲಿ ಜುಲೈ ತಿಂಗಳು ನೀರು ಹೋಗುವುದಾದರೂ ಎಲ್ಲಿಗೆ?

ಹಾಗಾಗಿ ನಾವಿಕರ ಮಾತು ಸೌಂದರ್ಯದ ದೃಷ್ಟಿಯಿಂದಷ್ಟೇ ಅಲ್ಲದೆ ನೀರಿನ ಲೆಕ್ಕದಿಂದಲೂ ಸರಿ. ಗ್ರೀನ್‌ಗಳೂ ಮೊದಲ ಹೊಡೆತ ಹೊಡೆಯುವ ಟೀಗಳೂ ಸಹಜ ದಿಬ್ಬದ ಮೇಲಿರಬೇಕು, ತಗ್ಗನ್ನು ತಗ್ಗಾಗಿಯೇ ಬಿಡಬೇಕು. 2009ರಲ್ಲಿ ತೆರೆದ ಸ್ಕಾಟ್ಲೆಂಡಿನ ಮಾಕ್ರಿಹಾನಿಷ್ ಡ್ಯೂನ್ಸ್ ಅಂಗಳದಲ್ಲಿ ವಿನ್ಯಾಸಕ ಡೇವಿಡ್ ಮೆಕ್‌ಲೇ ಕಿಡ್ ಮಾಡಿದ್ದು ಇದನ್ನೇ: ಅದು ಸಂರಕ್ಷಿತ ನೆಲವಾದ್ದರಿಂದ 259 ಎಕರೆಯಲ್ಲಿ ಅವರಿಗೆ ಮಣ್ಣು ಮುಟ್ಟಲು ಸಿಕ್ಕಿದ್ದು ಏಳು ಎಕರೆ ಮಾತ್ರ. ಹದಿನೆಂಟು ಹೋಲ್‌ಗೆ ಸಾಮಾನ್ಯವಾಗಿ 120ರಿಂದ 150 ಎಕರೆ ಬೇಕಾಗುತ್ತದೆ, ನಮ್ಮ ಕಿರಿದಾದ ಕರಾವಳಿ ಪಟ್ಟಿಯಲ್ಲಿ ಅದನ್ನು ಕೇಳುವುದೇ ತಪ್ಪು. ಒಂಬತ್ತು ಸಾಕು. ಅಮೆರಿಕದ ಟೆನೆಸಿಯ ಸ್ವೀಟನ್ಸ್ ಕೋವ್ ಒಂಬತ್ತೇ ಹೋಲ್‌ಗಳ ಅಂಗಳ, ಅಲ್ಲಿ ಆರಂಭದಲ್ಲಿ ಕ್ಲಬ್‌ಹೌಸ್ ಎಂದು ಇದ್ದದ್ದು ಒಂದು ಸಣ್ಣ ಕೊಠಡಿ. ಆದರೂ ದೂರದೂರುಗಳಿಂದ ಜನ ಆಡಲು ಬರುತ್ತಾರೆ.

ಅಂಕೋಲೆಯ ಅಭಿಮಾನಿ

ನಾನು ಆಡುವುದಕ್ಕಿಂತ ನೋಡುವುದೇ ಹೆಚ್ಚು. ವೃತ್ತಿಪರ ಪಂದ್ಯಾವಳಿಗಳ ವೇಳಾಪಟ್ಟಿ ನನ್ನ ಆಸಕ್ತಿಯ ವಿಷಯ. ಗರಿಕೆಯವರು ಮಳೆಯ ಬಗ್ಗೆ ಹೇಳಿದ್ದನ್ನು ಪಂಚಾಂಗದ ಕಡೆಯಿಂದ ನೋಡಿದರೆ ನೆಲ ಮತ್ತು ದಿನಾಂಕ ಬೇರೆ ಬೇರೆ ವಿಷಯಗಳಲ್ಲ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಆಗಸ್ಟಾದ ಮಾಸ್ಟರ್ಸ್ ಪಂದ್ಯಾವಳಿ ಏಪ್ರಿಲ್‌ನಲ್ಲಿ ನಡೆಯುವುದು ವಾಡಿಕೆ. 2020ರಲ್ಲಿ ಸಾಂಕ್ರಾಮಿಕದ ಕಾರಣ ಅದು ನವೆಂಬರಿಗೆ ಸರಿಯಿತು. ಮಳೆಗೆ ಮೆದುವಾದ ಗ್ರೀನ್‌ಗಳ ಮೇಲೆ ಚೆಂಡು ಬಿದ್ದಲ್ಲೇ ನಿಂತು, ಡಸ್ಟಿನ್ ಜಾನ್ಸನ್ 268 ಹೊಡೆತಗಳ ದಾಖಲೆಯೊಂದಿಗೆ ಗೆದ್ದರು. ಅಂಗಳ ಅದೇ ಆಗಿತ್ತು, ತಿಂಗಳು ಬದಲಾದದ್ದರಿಂದ ಬೇರೆಯೇ ಪರೀಕ್ಷೆಯಾಯಿತು. ಪಿಜಿಎ ಚಾಂಪಿಯನ್‌ಷಿಪ್ 2019ರಲ್ಲಿ ಆಗಸ್ಟ್‌ನಿಂದ ಮೇ ತಿಂಗಳಿಗೆ ಬಂದದ್ದಕ್ಕೆ ಒಲಿಂಪಿಕ್ಸ್‌ಗೆ ಜಾಗ ಬಿಡುವುದು ಮತ್ತು ಅಮೆರಿಕದ ಫುಟ್‌ಬಾಲ್ ಋತು ಆರಂಭವಾಗುವ ಮೊದಲೇ ಗಾಲ್ಫ್ ಋತು ಮುಗಿಸುವುದು ಕಾರಣಗಳಾಗಿದ್ದವು. ಪರಿಣಾಮವಾಗಿ 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಓಕ್ ಹಿಲ್‌ನಲ್ಲಿ ಮೊದಲ ದಿನವೇ ಹುಲ್ಲಿನ ಮೇಲೆ ಹಿಮ ಕಟ್ಟಿ ಆಟ ಸುಮಾರು ಎರಡು ಗಂಟೆ ತಡವಾಯಿತು. ನೆಲವನ್ನು ಕೇಳದೆ ದಿನಾಂಕ ನಿಗದಿ ಮಾಡಿದರೆ ಹೀಗಾಗುತ್ತದೆ.

ನಮ್ಮ ದೇಶದಲ್ಲಿ ಇಂಡಿಯನ್ ಓಪನ್ 1964ರಲ್ಲಿ ಆರಂಭವಾಯಿತು. ಮೊದಲ ವಿಜೇತ ಪೀಟರ್ ಥಾಮ್ಸನ್, ಅವರೇ ಮುಂದೆ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದ ವಿನ್ಯಾಸಕ್ಕೂ ಕೈಹಾಕಿದರು. 2012ರಲ್ಲಿ ಆ ಪಂದ್ಯಾವಳಿ ಅದೇ ಅಂಗಳದಲ್ಲಿ ನಡೆದದ್ದು ನಮಗೆಲ್ಲ ಹೆಮ್ಮೆಯ ವಿಷಯ. ಈಚಿನ ವರ್ಷಗಳಲ್ಲಿ ಅದು ಗುರುಗ್ರಾಮದಲ್ಲಿ ಮಾರ್ಚ್ ತಿಂಗಳ ಕೊನೆಗೆ, ಉತ್ತರದ ಬಿಸಿಲು ಏರುವ ಮೊದಲು ನಡೆಯುತ್ತಿದೆ. 2025ರ ಅಕ್ಟೋಬರ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ಮಳೆ ಹೋಗಿ ಚಳಿ ಬರುವ ನಡುವಿನ ಬಿಡುವನ್ನು ಹಿಡಿಯಿತು. ಟಾಮಿ ಫ್ಲೀಟ್‌ವುಡ್ ಗೆದ್ದ ಆ ಪಂದ್ಯಾವಳಿಯಲ್ಲಿ, ಪೊದೆಗಳ ನಡುವಿನ ಕಿರಿದಾದ ಫೇರ್‌ವೇಗಳನ್ನು ನೋಡಿದ ರೋರಿ ಮ್ಯಾಕ್‌ಇಲ್ರಾಯ್ ತಾವು ಆ ವಾರ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಬಳಸುವ ಸಾಧ್ಯತೆ ಇಲ್ಲವೆಂದು ಮೊದಲೇ ಹೇಳಿದ್ದರು. ಅಂಗಳವನ್ನು ಉದ್ದ ಮಾಡುತ್ತಲೇ ಹೋಗುವುದು ಒಂದೇ ದಾರಿಯಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಗಲಿನ ಲೆಕ್ಕವೂ ಒಂದಿದೆ. ಬ್ರಿಟನ್ನಿನ ದಿ ಓಪನ್ ಜುಲೈನಲ್ಲಿ ನಡೆಯುವುದರಿಂದ ಸೇಂಟ್ ಆಂಡ್ರೂಸ್‌ನಲ್ಲಿ ಸುಮಾರು ಹದಿನೇಳು ಗಂಟೆ ಹಗಲು ಸಿಗುತ್ತದೆ. 156 ಆಟಗಾರರೂ ಒಂದೇ ಟೀಯಿಂದ ಬೆಳಿಗ್ಗೆ 6.35ರಿಂದ ಆರಂಭಿಸಿ ಕತ್ತಲಾಗುವ ಮೊದಲು ಮುಗಿಸಬಲ್ಲರು. ನಮ್ಮಲ್ಲಿ ಡಿಸೆಂಬರಿನ ಹಗಲು ಹನ್ನೊಂದು ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ಕರಾವಳಿಯಲ್ಲಿ ದೊಡ್ಡ ಪಂದ್ಯಾವಳಿಯ ಆಸೆ ಬೇಡ. ಜಮ್‌ಶೆಡ್‌ಪುರದ ಟಾಟಾ ಓಪನ್‌ನಲ್ಲಿ ಆಟಗಾರರು ಒಂಬತ್ತು ಹೋಲ್‌ಗಳನ್ನು ಬೆಲ್ಡಿ ಅಂಗಳದಲ್ಲೂ ಉಳಿದ ಒಂಬತ್ತನ್ನು ಗೊಲ್ಮುರಿಯಲ್ಲೂ ಆಡುವ ಪದ್ಧತಿ ಬೆಳೆದುಬಂತು. ಕಾಣಕೋಣದ ಒಂಬತ್ತು, ನಮ್ಮ ಒಂಬತ್ತು ಎಂದು ಜೋಡಿಸಿ, ಜಿಲ್ಲೆಯ ಹುಡುಗ ಹುಡುಗಿಯರಿಗೊಂದು ಡಿಸೆಂಬರ್ ಪಂದ್ಯವಾದರೂ ನಡೆಯಲಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಈ ಆಟದೊಳಗೆ ಬಂದವರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಮಾಜಾಳಿಯ ನಾವಿಕ

ಶಿರಸಿಯವರ ಪ್ರಶ್ನೆಗೆ ಉತ್ತರಿಸಲು ನಾಲ್ಕು ದಿನ ತೆಗೆದುಕೊಂಡೆ, ಕೇರಿಯವರನ್ನು ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ. ನಮ್ಮ ದಿಬ್ಬದ ಕಡಲ ಕಡೆಯ ಇಳಿಜಾರಿನಲ್ಲಿ ರಂಪಣಿ ಬಲೆ ಒಣಗುತ್ತದೆ, ನವೆಂಬರ್ ನಂತರ ಸಿಗಡಿ, ದೋಡಿ ಮುಂತಾದವನ್ನು ಹರವುತ್ತಾರೆ. ದಿಬ್ಬದ ಹಿಂಬದಿಯಲ್ಲಿ ಗಾಳಿಮರದ ತೋಪಿದೆ, ಅದಕ್ಕೂ ಹಿಂದೆ ಯಾರೂ ಬಿತ್ತದ ಉದ್ದನೆಯ ತಗ್ಗು. ಕಡಲ ಕಡೆಯ ಭಾಗವನ್ನು ಮುಟ್ಟುವ ಯಾವ ಯೋಜನೆಗೂ ನನ್ನ ಒಪ್ಪಿಗೆಯಿಲ್ಲ. ಕಲ್ಪನೆಯಲ್ಲಿಯೂ ಅಂಗಳವನ್ನು ಹಿಂಬದಿಗೇ ಸೀಮಿತಗೊಳಿಸೋಣ, ಓಣಿಯ ಕಾಲುದಾರಿಗಳು ಸೇಂಟ್ ಆಂಡ್ರೂಸ್‌ನ ಊರ ರಸ್ತೆಯಂತೆ ಹಾಗೆಯೇ ಉಳಿಯಲಿ.

ಪ್ರವಾಸದ ಬಗ್ಗೆ ಇಬ್ಬರು ಖಾಸಗಿಯಾಗಿ ಕೇಳಿದ್ದರಿಂದ ಇಲ್ಲೇ ಹೇಳುತ್ತೇನೆ. ಓಲ್ಡ್ ಕೋರ್ಸ್‌ನಲ್ಲಿ ಆಡಲು ಮಧ್ಯವರ್ತಿಗಳಿಗೆ ದೊಡ್ಡ ಹಣ ಕೊಡುವ ಮೊದಲು, ಅಲ್ಲಿನ ಟ್ರಸ್ಟ್ ಆಟಕ್ಕೆ ಎರಡು ದಿನ ಮುಂಚೆ ಎತ್ತುವ ಚೀಟಿಯಲ್ಲಿ ನೀವೇ ಹೆಸರು ಕೊಡಬಹುದು ಎಂಬುದನ್ನು ತಿಳಿದಿರಿ. ನಿಮ್ಮ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಜೊತೆಗಿರಲಿ. 2027ರಲ್ಲಿ ದಿ ಓಪನ್ ಅಲ್ಲಿಗೆ ಮರಳುವುದರಿಂದ ಆ ಬೇಸಿಗೆಯನ್ನು ಬಿಟ್ಟು ಹೋಗುವುದು ಲೇಸು. ಚೀಟಿ ಬಾರದಿದ್ದರೂ ನಿರಾಶರಾಗಬೇಡಿ, ಭಾನುವಾರ ಒಂದು ಸುತ್ತು ನಡೆದುಬನ್ನಿ. ಹದಿನೆಂಟರಲ್ಲಿ ಹದಿನಾಲ್ಕು ಹೋಲ್‌ಗಳು ಎರಡೆರಡಾಗಿ ಏಳು ದೊಡ್ಡ ಗ್ರೀನ್‌ಗಳನ್ನು ಹಂಚಿಕೊಂಡಿರುವ ರೀತಿ, ಮತ್ತು ಹಾಗೆ ಹಂಚಿಕೊಂಡ ಯಾವ ಎರಡು ಸಂಖ್ಯೆಗಳನ್ನು ಕೂಡಿಸಿದರೂ ಹದಿನೆಂಟೇ ಬರುವ ಸೊಗಸು, ಕಾಲ್ನಡಿಗೆಯಲ್ಲಿ ಮಾತ್ರ ಮನಸ್ಸಿಗಿಳಿಯುತ್ತದೆ. ಕಿರಿದಾದ ನೆಲದಲ್ಲಿ ಜಾಗ ಹಂಚಿಕೊಳ್ಳುವ ಈ ಜಾಣ್ಮೆ ನಮ್ಮ ಪಟ್ಟಿಗೂ ಹೊಂದುತ್ತದೆ.

ಗರಿಕೆ

ಹಾಗಿದ್ದರೆ ಒಂದು ಪರೀಕ್ಷೆ ಮಾಡಿ. ಈಗ ಜುಲೈ ನಡೆಯುತ್ತಿದೆ, ಇದಕ್ಕಿಂತ ತಕ್ಕ ಸಮಯವಿಲ್ಲ. ದಿಬ್ಬದ ನೆತ್ತಿಯಲ್ಲೊಂದು, ಹಿಂದಿನ ತಗ್ಗಿನಲ್ಲೊಂದು, ಒಂದಡಿ ಅಗಲ ಒಂದಡಿ ಆಳದ ಗುಂಡಿ ತೋಡಿ, ಎರಡು ಬಾರಿ ನೀರು ತುಂಬಿಸಿ, ಎರಡನೆಯ ಬಾರಿ ಇಂಗಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ. ಶಿರಸಿಯವರೂ ತಮ್ಮ ಬ್ಯಾಣದಲ್ಲಿ ಮಾಡಿದರೆ ಹೋಲಿಸಿ ನೋಡಬಹುದು.

ಶಿರಸಿಯ ಬ್ಯಾಣ

ನಿನ್ನೆ ಮಾಡಿದೆ. ಮುಕ್ಕಾಲು ಅಡಿಗೇ ಚಿರೇಕಲ್ಲು ತಾಗಿ ಗುದ್ದಲಿ ಸಿಡಿಯಿತು. ತುಂಬಿದ ನೀರು ಎರಡೂವರೆ ಗಂಟೆಯಾದರೂ ಅರ್ಧ ಉಳಿದಿತ್ತು. ಆದರೆ ಹತ್ತು ಮಾರು ಕೆಳಗೆ, ಹುಲ್ಲಿನ ಬುಡದಿಂದ ತಿಳಿನೀರು ಜಿನುಗಿ ಹರಿಯುತ್ತಿದ್ದುದನ್ನು ಕಂಡೆ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ನೀರು ಇಳಿಯುವ ಬದಲು ಓರೆಯಾಗಿ ಸಾಗುತ್ತಿದೆ. ನಮ್ಮ ತೋಟಕ್ಕೆ ಬೇಸಿಗೆಯವರೆಗೂ ತೇವ ಕೊಡುವುದು ಈ ನೀರೇ ಆದ್ದರಿಂದ, ಬ್ಯಾಣವನ್ನು ಅಗೆದು ಕೊಳವೆ ಹೂಳುವ ಯಾವ ಆಟಕ್ಕೂ ನಾನು ಸಮ್ಮತಿಸಲಾರೆ. ಅಗೆಯದೆ ಆಡುವುದಾದರೆ ಮಗಳು ಬಂದಾಗ ನಾಲ್ಕು ಬಾವುಟ ನೆಟ್ಟುಕೊಡುತ್ತೇನೆ.

ಮಾಜಾಳಿಯ ನಾವಿಕ

ದಿಬ್ಬದ ನೆತ್ತಿಯ ಗುಂಡಿಯಲ್ಲಿ ಎರಡನೆಯ ಕೊಡ ನೀರು ಸುರಿದು, ಕೊಡವನ್ನು ಕೆಳಗಿಟ್ಟು ಗಡಿಯಾರ ನೋಡುವಷ್ಟರಲ್ಲಿ ತಳದ ಮರಳು ಕಂಡಿತು. ಅರ್ಧ ಗಂಟೆಯಿಂದ ಬಿಡದೆ ಮಳೆ ಹೊಡೆಯುತ್ತಿದ್ದಾಗಲೂ ಅಷ್ಟೇ. ಹಿಂದಿನ ತಗ್ಗಿನಲ್ಲಿ ಮಾತ್ರ ನಾನು ಎಣಿಸಿದ್ದು ತಲೆಕೆಳಗಾಯಿತು: ನೀರು ತುಂಬಿಸುವ ಅಗತ್ಯವೇ ಬರಲಿಲ್ಲ. ಒಂದು ಗೇಣು ಅಗೆಯುತ್ತಿದ್ದಂತೆ ಕೆಳಗಿನಿಂದಲೇ ನೀರು ಮೇಲೆದ್ದು ಗುಂಡಿ ತುಂಬಿತು, ಅಂಚಿನ ಮರಳು ಕುಸಿದು ಒಳಗೆ ಬಿದ್ದಿತು. ಬೇಸಿಗೆಯಲ್ಲಿ ನಾನು ನಡೆದಾಡಿ ಫೇರ್‌ವೇಗೆ ಹೇಳಿಮಾಡಿಸಿದ ಜಾಗವೆಂದುಕೊಂಡಿದ್ದ ತಗ್ಗು ಅದು.

ಗರಿಕೆ

ಅದು ಅಂತರ್ಜಲ ಮಟ್ಟ. ಅಲ್ಲಿ ಯಾವ ಕೊಳವೆ ಹೂಳಿದರೂ ಪ್ರಯೋಜನವಿಲ್ಲ, ಮಣ್ಣು ತುಂಬಿಸಿ ಎತ್ತರಿಸಿದರೆ ಆ ನೀರು ಪಕ್ಕದ ಮನೆಗಳ ಅಂಗಳಕ್ಕೆ ಹೋಗುತ್ತದೆ. ಅಘನಾಶಿನಿಯವರ ಬಾವಿಯ ಮಾತನ್ನೂ ಇಲ್ಲಿ ನೆನೆಯಬೇಕು: ಇಡೀ ಕೇರಿಯ ಬಾವಿಗಳಿಗೆ ಸಿಹಿನೀರು ಕೂಡಿಡುತ್ತಿರುವುದು ಈ ತಗ್ಗೇ. ತಗ್ಗನ್ನು ಮಳೆಗಾಲಕ್ಕೆ ಬಿಟ್ಟುಕೊಟ್ಟು, ದಿಬ್ಬದಿಂದ ದಿಬ್ಬಕ್ಕೆ ಆಡುವ ಒಂಬತ್ತು ಚಿಕ್ಕ ಹೋಲ್‌ಗಳನ್ನಷ್ಟೇ ಯೋಚಿಸಿ. ತಗ್ಗು ಒಣಗಿದ ಮೇಲೆ ಅದೇ ಫೇರ್‌ವೇ, ಅಲ್ಲಿಯವರೆಗೆ ಆಟವಿಲ್ಲ.

ಅಘನಾಶಿನಿ ತೀರ

ಈ ರೂಪದಲ್ಲಾದರೆ ನನ್ನ ವಿರೋಧ ಬಹುಮಟ್ಟಿಗೆ ಇಳಿಯುತ್ತದೆ. ಆಮೆಗಳ ಕಾಲದಲ್ಲಿ ಕಡಲಿಗೆ ಹತ್ತಿರದ ಎರಡು ಹೋಲ್‌ಗಳನ್ನು ಸಂಜೆಗೆ ಮುಂಚೆ ಮುಚ್ಚುವುದನ್ನೂ ಬರೆದುಕೊಳ್ಳಿ.

ಅಂಕೋಲೆಯ ಅಭಿಮಾನಿ

ನಾವಿಕರಲ್ಲಿ ಒಂದು ಕೋರಿಕೆ. ಆ ತಗ್ಗು ಯಾವ ದಿನ ಒಣಗುತ್ತದೆ ಎಂಬುದನ್ನು ಈ ವರ್ಷ ಗುರುತು ಹಾಕಿಕೊಳ್ಳಿ, ಮುಂದಿನ ಎರಡು ವರ್ಷವೂ ಹಾಕಿ. ಋತು ಆರಂಭವಾಗುವ ದಿನವನ್ನು ನಾವು ಕುಳಿತು ನಿಗದಿ ಮಾಡುವ ಬದಲು ಅದರಿಂದಲೇ ತಿಳಿದುಕೊಳ್ಳೋಣ.

ಮಾಜಾಳಿಯ ನಾವಿಕ

ಇಂದು ಬೆಳಿಗ್ಗೆ ತಗ್ಗಿನ ನಡುವೆ ಒಂದು ಗಾಳಿಮರದ ಗಳ ನೆಟ್ಟು, ದೋಣಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಅಂಗುಲಕ್ಕೊಂದು ಗೆರೆ ಎಳೆದಿದ್ದೇನೆ. ನೀರು ಹನ್ನೊಂದನೆಯ ಗೆರೆಯಲ್ಲಿದೆ. ಪಕ್ಕದ ಮನೆಯ ಹುಡುಗ ದಿನಾ ಶಾಲೆಗೆ ಹೋಗುವಾಗ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಒಪ್ಪಿಕೊಂಡಿದ್ದಾನೆ.